ದಲಾಲಿ ಅಂಗಡಿಯ ಹೊಸ ಹುಡುಗರಿಗೆ: ಒಳ್ಳೆಯ ಗುಣ ರೂಢಿ ಮಾಡಿಕೊಳ್ಳುವ ಬಗೆ

ನಾನು ಬ್ಯಾಡಗಿಯಲ್ಲಿ ದಲಾಲಿ ಅಂಗಡಿಯ ಗುಮಾಸ್ತ. ಸೋಮವಾರ, ಗುರುವಾರ ಮೆಣಸಿನಕಾಯಿ ಚೀಲಗಳ ನಡುವೆ ತಲೆ ಎತ್ತಲು ಪುರುಸೊತ್ತಿರುವುದಿಲ್ಲ. ಹೊಸ ಹುಡುಗರಿಗೆ ಲೆಕ್ಕ ಕಲಿಸುವುದು ಸುಲಭ. ಗುಣವನ್ನೂ ಹಾಗೇ ಮಾಡಿಸಿ ಮಾಡಿಸಿಯೇ ಕಲಿಸಬೇಕು. ಗ್ರೀಸಿನ ಅರಿಸ್ಟಾಟಲ್ 2300 ವರ್ಷಗಳ ಹಿಂದೆ ಹೇಳಿದ್ದೂ ಇದೇ: ಮನೆ ಕಟ್ಟುತ್ತಾ ಗೌಂಡಿ ಆಗುತ್ತಾನೆ, ನ್ಯಾಯವಾಗಿ ನಡೆಯುತ್ತಾ ನ್ಯಾಯವಂತ ಆಗುತ್ತಾನೆ. ಹುಟ್ಟುಗುಣ ಅಂತ ಸುಮ್ನೆ ಕೈಚೆಲ್ಲಬೇಡಿ.

ಮೊದಲು ತೂಕ. ರೈತರನ್ನು ಕಾಟಾದ ಪಕ್ಕಕ್ಕೆ ಕರೆದು ನಿಲ್ಲಿಸಿ. ಅಂಕಿಯನ್ನು ಗಟ್ಟಿಯಾಗಿ ಓದಿ. ಖಾಲಿ ಚೀಲದ ತೂಕ ಎಷ್ಟು ಕಳೆದಿರಿ ಅಂತಲೂ ಹೇಳಿ. ಅವರು ಚಹಾಕ್ಕೆ ಹೋಗಿದ್ದರೆ ಕಾಯಿರಿ. ಲಾರಿಯವರು ಬೈದರೆ ಬೈಸಿಕೊಳ್ಳಿ. ಯಾರೂ ನೋಡದಾಗ ಸರಿಯಾಗಿರುವುದೇ ನಿಜವಾದ ಗುಣ ಅನ್ನುತ್ತಾರೆ. ಇರಬಹುದು. ಆದರೆ ನನ್ನ ಕೇಳಿದರೆ, ಮೊದಲು ಎಲ್ಲರೂ ನೋಡುವಂತೆ ಮಾಡಿ. ಕೈಗೆ ರೂಢಿಯಾದ ಮೇಲೆ ಒಬ್ಬರೇ ಇದ್ದಾಗಲೂ ಅದು ಹಾಗೇ ನಡೆಯುತ್ತದೆ.

ಮಾತು ಇದಕ್ಕಿಂತ ಕಷ್ಟ. ಮಾಲಿನಲ್ಲಿ ಹಸಿ ಜಾಸ್ತಿ ಇದೆ ಅನ್ನಿ. ಅಂಜಿಕೊಂಡು ಬಾಯಿ ಮುಚ್ಚಿಕೊಂಡರೆ, ಆಮೇಲೆ ರೇಟು ನೋಡಿ ರೈತರಿಗೆ ಎದೆ ಒಡೆಯುತ್ತದೆ. ‘ನೀರು ಹೊಡೆದು ತಂದೀಯೇನೋ’ ಅಂತ ನಾಲ್ಕು ಜನರ ಮುಂದೆ ಒದರಿದರೆ ಮಾನ ಹೋಗುತ್ತದೆ. ಇವೆರಡರ ನಡುವಿನ ಹದ ಹುಡುಕಿ. ಪಕ್ಕಕ್ಕೆ ಕರೆಯಿರಿ, ಕಾಯಿ ಕೈಗೆ ಕೊಡಿ. ‘ಯಜಮಾನ್ರ, ಇದು ಇನ್ನೂ ಎರಡು ಬಿಸಿಲು ಕಾಣಬೇಕಿತ್ತು ನೋಡ್ರಿ, ರೇಟು ಕಡಿಮಿ ಬರ್ತೈತಿ’ ಅನ್ನಿ. ಹೇಡಿತನಕ್ಕೂ ಹುಂಬತನಕ್ಕೂ ನಡುವೆ ಧೈರ್ಯವಿದೆ ಅಂತ ಅರಿಸ್ಟಾಟಲ್ ಹೇಳಿದ್ದು ಇಂಥದ್ದನ್ನೇ.

ಹಾಗಂತ ಎಲ್ಲದಕ್ಕೂ ನಡುದಾರಿ ಹುಡುಕಬೇಡಿ. ಕಳ್ಳತನಕ್ಕೆ ಹದ ಅನ್ನುವುದಿಲ್ಲ, ಇದನ್ನೂ ಅವನೇ ಹೇಳಿದ್ದಾನೆ. ಚೀಲಕ್ಕೆ ಒಂದು ಕಿಲೋ ಬದಲು ಅರ್ಧ ಕಿಲೋ ಹೊಡೆಯುವವನು ಅರ್ಧ ಒಳ್ಳೆಯವನಲ್ಲ, ಅಲ್ವಾ?

ಇನ್ನು ದುಡ್ಡು. ಎಣಿಕೆಯಲ್ಲಿ ಹೆಚ್ಚಿಗೆ ಬಂದದ್ದು ಕಂಡರೆ ಅವತ್ತೇ ಫೋನ್ ಮಾಡಿ. ನಾಳೆ ಅಂದರೆ ಮನಸ್ಸು ನೆಪ ಹುಡುಕುತ್ತದೆ. ಕೊಟ್ಟ ಮೇಲೆ ವಾಟ್ಸಾಪ್ ಸ್ಟೇಟಸ್ ಹಾಕಬೇಡಿ. 12ನೇ ಶತಮಾನದಲ್ಲಿ ಬಸವಣ್ಣನವರು ಕದಿಯಬೇಡ, ಕೊಲ್ಲಬೇಡ ಅಂದ ಉಸಿರಿನಲ್ಲೇ ತನ್ನನ್ನು ಹೊಗಳಿಕೊಳ್ಳಬೇಡ ಅಂತಲೂ ಸೇರಿಸಿದ್ದರು. ನಮ್ಮ ಕಡೆ ಹುಡುಗರಿಗೆ ಮೊದಲಿನ ಎರಡು ಬೇಗ ಬರುತ್ತವೆ, ಮೂರನೆಯದು ಬರುವುದೇ ಇಲ್ಲ. ರಸೀದಿ ಸರಿಪಡಿಸಿ, ಮುಂದಿನ ಚೀಲ ನೋಡಿ.