ಹಳೇ ಕಂಪ್ಯೂಟರ್‌ನಲ್ಲೇ ವಿಆರ್ ಪುಟ ಕಟ್ಟೋದು ಹೇಗೆ?

ವರ್ಚುವಲ್ ರಿಯಾಲಿಟಿ (ವಿಆರ್) ಅಂದ ಕೂಡಲೇ ಲಕ್ಷ ರೂಪಾಯಿಯ ಗೇಮಿಂಗ್ ಕಂಪ್ಯೂಟರ್ ಕಣ್ಮುಂದೆ ಬರುತ್ತದೆ, ಅಲ್ವಾ? ದೊಡ್ಡ ಆಟ ಆಡೋದಕ್ಕೆ ಅದು ಬೇಕು. ಬ್ರೌಸರಿನಲ್ಲೇ ತೆರೆದು ಸುತ್ತಲೂ ತಿರುಗಿ ನೋಡಬಹುದಾದ ಚಿಕ್ಕದೊಂದು ವಿಆರ್ ಪುಟ ಕಟ್ಟೋದಕ್ಕೆ 4 ಜಿಬಿ ರ‍್ಯಾಮ್‌ನ ಹಳೇ ಡೆಸ್ಕ್‌ಟಾಪ್ ಮತ್ತು ಒಂದು ಆಂಡ್ರಾಯ್ಡ್ ಫೋನ್ ಸಾಕು. ಬರೆಯುವ ಕೆಲಸ ಕಂಪ್ಯೂಟರಿನದು, ತೋರಿಸುವ ಕೆಲಸ ಫೋನಿನದು.

ಮೊದಲು ಬ್ರೌಸರ್ ನೋಡಿಕೊಳ್ಳಿ. ವಿಂಡೋಸ್ 7ರಲ್ಲಿ ಕ್ರೋಮ್ 109ನೇ ಆವೃತ್ತಿಗೇ ನಿಂತುಹೋಗಿದೆ. ಕಲಿಯೋದಕ್ಕೆ ಅಡ್ಡಿಯಿಲ್ಲ, ಆದರೆ ಭದ್ರತೆಯ ಅಪ್‌ಡೇಟ್ ಬರುವುದಿಲ್ಲ. ಅಂಥ ಕಂಪ್ಯೂಟರಿನಲ್ಲಿ ಬ್ಯಾಂಕಿನ ವ್ಯವಹಾರ ಮಾತ್ರ ಬೇಡ. ವಿಂಡೋಸ್ ಬದಲು ಲುಬುಂಟು ಎಂಬ ಹಗುರವಾದ, ಉಚಿತ ಲಿನಕ್ಸ್ ಹಾಕಿಕೊಂಡರೆ ಹೊಸ ಫೈರ್‌ಫಾಕ್ಸ್ ಸಿಗುತ್ತದೆ, ನನ್ನ ಮತ ಅದಕ್ಕೇ. ಆಮೇಲೆ ‘ಗೆಟ್ ಡಾಟ್ ವೆಬ್‌ಜಿಎಲ್ ಡಾಟ್ ಆರ್ಗ್’ ತಾಣ ತೆರೆಯಿರಿ. ಬ್ರೌಸರಿನಲ್ಲಿ 3ಡಿ ಚಿತ್ರ ಮೂಡುತ್ತದಾ ಅಂತ ಅದು ಪರೀಕ್ಷಿಸುತ್ತದೆ. ಅಲ್ಲಿ ಡಬ್ಬಿಯೊಂದು ತಿರುಗುತ್ತಿದ್ದರೆ ನಿಮ್ಮ ಗ್ರಾಫಿಕ್ಸ್ ಚಿಪ್ ಪಾಸ್. ತಿರುಗದಿದ್ದರೆ ಬ್ರೌಸರಿನ ಸೆಟ್ಟಿಂಗ್ಸ್‌ನಲ್ಲಿ ಹಾರ್ಡ್‌ವೇರ್ ಆಕ್ಸಿಲರೇಶನ್ (ಗ್ರಾಫಿಕ್ಸ್ ಚಿಪ್ ಬಳಸಿಕೊಳ್ಳುವ ಆಯ್ಕೆ) ಆನ್ ಇದೆಯಾ ನೋಡಿ.

ನಾವು ಬಳಸುವುದು ಎ-ಫ್ರೇಮ್. ಮೊಜಿಲ್ಲಾದ ವಿಆರ್ ತಂಡ 2015ರಲ್ಲಿ ಹೊರತಂದ ಉಚಿತ ಲೈಬ್ರರಿ, ಅಂದರೆ ಸಿದ್ಧ ಕೋಡಿನ ಕಟ್ಟು ಇದು. ಎಚ್‌ಟಿಎಂಎಲ್ ಟ್ಯಾಗ್ ಬರೆಯಲು ಬಂದರೆ ಇದೂ ಬರುತ್ತದೆ. ಒಂದು ಎಚ್ಚರಿಕೆ: ಹಳೇ ಪಾಠಗಳಲ್ಲಿ 0.7, 0.9 ಅಂತ ಆವೃತ್ತಿ ಇರುತ್ತದೆ, ಅವನ್ನು ನಕಲು ಮಾಡಬೇಡಿ. ಬ್ರೌಸರಿನಲ್ಲಿ ವಿಆರ್ ತೋರಿಸುವ ಹಳೇ ವಿಧಾನವಾದ ವೆಬ್‌ವಿಆರ್ ಕಾಲದವು ಅವು. ಈಗ ಬ್ರೌಸರ್‌ಗಳಲ್ಲಿರುವುದು ಅದರ ಜಾಗಕ್ಕೆ ಬಂದ ವೆಬ್‌ಎಕ್ಸ್‌ಆರ್. 1ರಿಂದ ಶುರುವಾಗುವ ಆವೃತ್ತಿಯನ್ನೇ ತೆಗೆದುಕೊಳ್ಳಿ.

ನೋಟ್‌ಪ್ಯಾಡ್ (ಲುಬುಂಟುವಿನಲ್ಲಾದರೆ ಅಲ್ಲಿನ ಟೆಕ್ಸ್ಟ್ ಎಡಿಟರ್) ತೆರೆಯಿರಿ. ಹೆಡ್ ಭಾಗದಲ್ಲಿ ಎ-ಫ್ರೇಮ್ ಲೋಡ್ ಮಾಡುವ ಸ್ಕ್ರಿಪ್ಟ್ ಸಾಲು, ಬಾಡಿಯಲ್ಲಿ ಇಡೀ ದೃಶ್ಯವನ್ನು ಹಿಡಿದಿಡುವ ಎ-ಸೀನ್ ಟ್ಯಾಗ್, ಅದರೊಳಗೆ ಒಂದು ಎ-ಬಾಕ್ಸ್, ಅಂದರೆ ಡಬ್ಬಿ. ಬಾಕ್ಸಿಗೆ ಬಣ್ಣ ಕೊಡಿ, ಪೊಸಿಷನ್ ಜಾಗದಲ್ಲಿ ‘0 1 -3’ ಅಂತ ಬರೆಯಿರಿ. ಅಳತೆಯೆಲ್ಲ ಮೀಟರಿನಲ್ಲಿ. ಮೊದಲ ಅಂಕೆ ಎಡ-ಬಲ, ಎರಡನೆಯದು ಎತ್ತರ, ಮೂರನೆಯದು ಹಿಂದೆ-ಮುಂದೆ. ಮುಂದೆ ಅಂದರೆ ಮೈನಸ್, ಇಲ್ಲೇ ಎಲ್ಲರೂ ಎಡವುವುದು. ಪೊಸಿಷನ್ ಬರೆಯದಿದ್ದರೆ ಡಬ್ಬಿ ನಿಮ್ಮ ಕಾಲ ಬುಡದಲ್ಲೇ ಕೂರುತ್ತದೆ. ಆ ದೃಶ್ಯದಲ್ಲಿ ನಿಮ್ಮ ಕಣ್ಣು 1.6 ಮೀಟರ್ ಎತ್ತರದಲ್ಲಿರುತ್ತದೆ, ಹಾಗಾಗಿ ನೇರ ನೋಡಿದರೆ ಸುಮ್ನೆ ಖಾಲಿ ಬಯಲು. ಉಳಿಸುವಾಗ ‘ಆಲ್ ಫೈಲ್ಸ್’ ಆರಿಸಿ, ಹೆಸರಿನ ಕೊನೆಗೆ ಡಾಟ್ ಎಚ್‌ಟಿಎಂಎಲ್ ಹಾಕಿ. ಡಬಲ್ ಕ್ಲಿಕ್ ಮಾಡಿದರೆ ಪುಟ ತೆರೆಯುತ್ತದೆ. ಮೌಸ್ ಎಳೆದರೆ ನೋಟ ತಿರುಗುತ್ತದೆ, ಬಾಣದ ಕೀಗಳನ್ನು ಒತ್ತಿದರೆ ನಡೆಯಬಹುದು.

ಸುತ್ತಲೂ 360 ಡಿಗ್ರಿ ಫೋಟೊ ಬೇಕಾದರೆ ಎ-ಸ್ಕೈ ಟ್ಯಾಗ್ ಹಾಕಿ. ಆದರೆ ಡಬಲ್ ಕ್ಲಿಕ್ ಮಾಡಿ ತೆರೆದ ಪುಟದಲ್ಲಿ ಫೋಟೊ ಕಾಣಿಸುವುದಿಲ್ಲ. ಡಿಸ್ಕಿನಲ್ಲಿರುವ ಚಿತ್ರವನ್ನು ಹಾಗೆ ಎತ್ತಿಕೊಳ್ಳಲು ಬ್ರೌಸರ್ ಬಿಡುವುದಿಲ್ಲ. ಅದಕ್ಕೆ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಜೊತೆಗೇ ಬರುವ ಪುಟ್ಟ ಸರ್ವರ್ (ಫೈಲುಗಳನ್ನು ವೆಬ್‌ಸೈಟಿನ ಹಾಗೆ ಬ್ರೌಸರಿಗೆ ಕೊಡುವ ಪ್ರೋಗ್ರಾಂ) ಫೈಲಿರುವ ಫೋಲ್ಡರಿನಲ್ಲಿ ಚಾಲೂ ಮಾಡಿ, ಬ್ರೌಸರಿನ ವಿಳಾಸಪಟ್ಟಿಯಲ್ಲಿ localhost:8000 ಅಂತ ಹೊಡೆದು ಪುಟ ತೆರೆಯಿರಿ.

ಹಳೇ ಕಂಪ್ಯೂಟರ್ ಸುಸ್ತಾಗುವುದು ಈ ಫೋಟೊದಿಂದಲೇ. ಜೆಪೆಗ್ ಫೈಲು 3 ಎಂಬಿ ಇದ್ದರೂ ಗ್ರಾಫಿಕ್ಸ್ ಮೆಮೊರಿಯಲ್ಲಿ ಅದು ಬಿಚ್ಚಿಕೊಂಡು ಕೂರುತ್ತದೆ. ಒಂದು ಪಿಕ್ಸೆಲ್‌ಗೆ 4 ಬೈಟ್ ಲೆಕ್ಕದಲ್ಲಿ 8192×4096 ಅಳತೆಯ ಚಿತ್ರಕ್ಕೆ 128 ಎಂಬಿ ಬೇಕು. ಅದನ್ನೇ 4096×2048ಕ್ಕೆ ಇಳಿಸಿದರೆ 32 ಎಂಬಿ ಸಾಕು. ಅದೂ ತಡವರಿಸಿದರೆ 2048×1024 ಮಾಡಿ. ಎ-ಸೀನ್ ಟ್ಯಾಗಿಗೆ ‘ಸ್ಟ್ಯಾಟ್ಸ್’ ಅಂತ ಸೇರಿಸಿದರೆ ಸೆಕೆಂಡಿಗೆ ಎಷ್ಟು ಫ್ರೇಮ್ ಬರುತ್ತಿದೆ ಅಂತ ಮೂಲೆಯಲ್ಲಿ ಕಾಣುತ್ತದೆ. ನೆರಳಿನ ಆಸೆ ಬಿಡಿ, ಅದು ಜಾಸ್ತಿ ಹೊರೆ.

ಇನ್ನು ಫೋನ್. ಅದೇ ಸರ್ವರ್ ಚಾಲೂ ಇದ್ದಾಗ ಮನೆಯ ವೈಫೈನಲ್ಲಿ ಫೋನಿನ ಬ್ರೌಸರಿನಲ್ಲಿ ಕಂಪ್ಯೂಟರಿನ ಐಪಿ ವಿಳಾಸವನ್ನು ಕೊನೆಗೆ :8000 ಸೇರಿಸಿ ಹೊಡೆದರೆ ಪುಟವೇನೋ ಕಾಣುತ್ತದೆ, ಫೋನ್ ತಿರುಗಿಸಿದರೆ ನೋಟ ತಿರುಗುವುದಿಲ್ಲ. ಎಚ್‌ಟಿಟಿಪಿಎಸ್ (ಸುರಕ್ಷಿತ ಸಂಪರ್ಕ) ಇಲ್ಲದ ಪುಟಕ್ಕೆ ಫೋನಿನ ಚಲನೆ ಗುರುತಿಸುವ ಸೆನ್ಸರ್ ಬಳಸಲು ಕ್ರೋಮ್ ಬಿಡುವುದಿಲ್ಲ. ವೆಬ್ ಪುಟಗಳನ್ನು ಇಂಟರ್ನೆಟ್ಟಿನಲ್ಲಿ ಇಡಲು ಜಾಗ ಕೊಡುವ ಗಿಟ್‌ಹಬ್ ಪೇಜಸ್‌ಗೆ ಫೈಲು ಹಾಕಿ, ಅಲ್ಲಿ ಎಚ್‌ಟಿಟಿಪಿಎಸ್ ಪುಕ್ಕಟೆ. ಆಗಲೂ ತಿರುಗದಿದ್ದರೆ ಫೋನಿನಲ್ಲಿ ಗೈರೊಸ್ಕೋಪ್ (ತಿರುಗುವಿಕೆ ಗುರುತಿಸುವ ಸೆನ್ಸರ್) ಇಲ್ಲ ಅಂತಲೇ ಅನುಮಾನಿಸಿ, ಅಗ್ಗದ ಮಾಡೆಲ್‌ಗಳಲ್ಲಿ ಅದನ್ನು ಬಿಟ್ಟಿರುತ್ತಾರೆ. ಇದ್ದರೆ ಬಲಗಡೆ ಕೆಳಗಿನ ವಿಆರ್ ಬಟನ್ ಒತ್ತಿ, ಫೋನನ್ನು ಕಣ್ಣಿಗೆ ಹಿಡಿದು ನೋಡಲು ಎರಡು ಮಸೂರಗಳಿರುವ ರಟ್ಟಿನ ‘ಕಾರ್ಡ್‌ಬೋರ್ಡ್’ ವಿಆರ್ ಪೆಟ್ಟಿಗೆಯಲ್ಲಿಟ್ಟು, ತಿರುಗುವ ಕುರ್ಚಿಯಲ್ಲಿ ಕೂತು ನೋಡಿ. ನಿಂತು ನೋಡಿದರೆ ಟೀಪಾಯಿಗೆ ಮೊಣಕಾಲು ತಾಗುತ್ತದೆ.