ಪಂಚಮಿಗೆ ಬೀಗ ಹಾಕಿದ್ದೇ ಲಾಭವಾಯ್ತು

ಹುಬ್ಬಳ್ಳಿ ಗೋಕುಲ ರಸ್ತೆಯಲ್ಲಿ ನಮ್ಮದೊಂದು ವಾಲ್ವ್ ಬಿಡಿಭಾಗದ ವರ್ಕ್‌ಶಾಪ್. ಇಪ್ಪತ್ತು ಚಿಲ್ಲರೆ ಮಂದಿ. ಹೇಳದೇ ಕೇಳದೇ ಊರಿಗೆ ಹೋಗಿಬಿಡೋರು. ರಜೆಗೆ ನಿಯಮ ಬರೀತೀನಿ ಅಂದಾಗ ಪಕ್ಕದ ಶೆಡ್‌ನವರು ನಕ್ಕರು. "ಇಷ್ಟ ಮಂದಿಗೆ ಪಾಲಿಸಿ ಯಾಕ್ರೀ? ಬೈದ್ರ ಬರ್ತಾರ." ಬೈದೂ ನೋಡಿದ್ದೆ. ಬರಲಿಲ್ಲ.

ಮೊದಲು ಬೆಂಗಳೂರಿನ ಕಂಪನಿಯೊಂದರ ಪಾಲಿಸಿ ತಂದು ಗೋಡೆಗೆ ಅಂಟಿಸಿದೆ. ಹದಿನೈದು ದಿನ ಮುಂಚೆ ಅರ್ಜಿ, ಇಲ್ಲದಿದ್ದರೆ ಪಗಾರ ಕಟ್. ಒಬ್ಬನೂ ಅರ್ಜಿ ಕೊಡಲಿಲ್ಲ. ಪಗಾರ ಹೋದರೂ ಊರಿಗೆ ಹೋದರು. ಆಮೇಲೆ ಹಾಜರಾತಿ ಬೋನಸ್. ತಿಂಗಳಿಗೆ ಹತ್ತು ಹನ್ನೆರಡು ಸಾವಿರ ಖರ್ಚು; ತಗೊಂಡವರು ಹೇಗೂ ರಜೆ ಹಾಕದವರೇ! ಆ ಶ್ರಾವಣದಲ್ಲಿ ಒಂದು ಆರ್ಡರ್ ತಡವಾಗಿ, ದಂಡ, ಓಟಿ ಸೇರಿ ಸುಮಾರು ಒಂದೂವರೆ ಲಕ್ಷ ಕೈಯಿಂದ ಹೋಯ್ತು.

ಆಗ ಹಳೇ ಹಾಜರಿ ಪುಸ್ತಕಗಳನ್ನು ತೆಗೆದು, ಬರದ ದಿನಗಳನ್ನೆಲ್ಲ ಕೆಂಪು ಪೆನ್ನಿನಲ್ಲಿ ಗುರುತು ಹಾಕಿದೆ. ತಾರೀಖು ಹಿಡಿದರೆ ಏನೂ ತಿಳಿಯಲ್ಲ, ತಿಥಿ ಹಿಡಿಯಬೇಕು. ಮುಂಗಾರು ಬಿತ್ತನೆ, ನಾಗರ ಪಂಚಮಿ, ಶಿವರಾತ್ರಿ ಮರುದಿನದ ಸಿದ್ಧಾರೂಢರ ತೇರು. ಜಾಸ್ತಿ ಕೆಂಪು ಪಂಚಮಿ ವಾರಕ್ಕೇ. ಲೇಥ್ ಹುಡುಗನನ್ನು ಕೇಳಿದೆ. "ಪಂಚಮಿಗೆ ತಂಗೀನ್ನ ತವರಿಗೆ ಕರಿಯಾಕ ಹೋಗ್ಲಿಲ್ಲಂದ್ರ ಅವ್ವ ಮನ್ಯಾಗ ಸೇರಿಸಂಗಿಲ್ರಿ ಸಾವ್ಕಾರ್ರ." ಇದಕ್ಕೆ ಎಷ್ಟು ದಂಡ ಹಾಕಿದರೆ ಸಾಕಾಗುತ್ತೆ, ಹೇಳಿ?

ಹಬ್ಬದ ರಜೆಗಳ ಬಗ್ಗೆ ರಾಜ್ಯದ 1963ರ ಕಾಯ್ದೆ ಇದೆಯಲ್ಲ, ಅದರಲ್ಲಿ ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1 ಗಟ್ಟಿ. ಉಳಿದ ಹಬ್ಬ ಯಾವವು ಅನ್ನೋದನ್ನು ಕೂತು ಮಾತಾಡಿ ಆರಿಸಿಕೊಳ್ಳಬಹುದು. ನಮ್ಮಲ್ಲಿ ಹಳೇ ಪಟ್ಟಿಯನ್ನೇ ಸುಮ್ನೆ ವರ್ಷಾ ವರ್ಷಾ ಟೈಪ್ ಮಾಡಿಸುತ್ತಿದ್ದೆವು. ಈಗ ಪಂಚಮಿಗೆ ಮುಂಚೆ ಬರುವ ರೊಟ್ಟಿ ಹಬ್ಬ, ಪಂಚಮಿ, ತೇರು ಮೂರೂ ಪಟ್ಟಿಯಲ್ಲಿವೆ. ವರ್ಷದ ಮಷಿನ್ ರಿಪೇರಿಯನ್ನೂ ಪಂಚಮಿ ವಾರಕ್ಕೇ ತಂದೆ. ಅದಕ್ಕಾಗಿ ಪಟ್ಟಿ ಮೀರಿ ಮುಚ್ಚಿದ ದಿನಗಳಿಗೆ ಬದಲಿ ಕೆಲಸ ಹಬ್ಬಕ್ಕೆ ಮುಂಚೆಯೇ ಆಗಬೇಕು. ಹಬ್ಬ ಮುಗಿದ ಮೇಲೆ ಯಾರೂ ಬರಲ್ಲ, ಕೇಳಲೇಬೇಡಿ.

ಬಿತ್ತನೆಗೆ ಅಂತ ನಸುಕಿನ ಆರರ ಪಾಳಿ ಮಾಡಿ ನೋಡಿದೆ. ಹಳ್ಳಿಯಿಂದ ಬಸ್ಸೇ ಇಲ್ಲ, ವಾರದಲ್ಲಿ ಬಿದ್ದುಹೋಯ್ತು. ಅದರ ಬದಲು ಜೋಡಿ ಪದ್ಧತಿ ತಂದೆ: ಹೋಗುವವನು ತನ್ನ ಮಷಿನ್ ಬಲ್ಲ ಜೋಡಿಗೆ ಹೇಳಿ ಹೋಗಬೇಕು, ನನ್ನನ್ನು ಕೇಳೋದು ಬೇಡ.

ಹೋದ ಶ್ರಾವಣದಲ್ಲಿ ಮಾಲು ಹಬ್ಬಕ್ಕೆ ಮುಂಚೆಯೇ ಲಾರಿ ಹತ್ತಿತು. ದಂಡ ಸೊನ್ನೆ. ನಕ್ಕಿದ್ದ ಪಕ್ಕದವರು ನಿಯಮದ ಹಾಳೆ ಕೇಳಿದರು. ಕನ್ನಡದಲ್ಲಿ ಒಂದೇ ಪುಟ, ಜೆರಾಕ್ಸ್ ಮಾಡಿಸಿಯೇ ಕೊಟ್ಟೆ. ಯಾರಿಗೆ ಯಾರನ್ನು ಜೋಡಿ ಹಾಕೋದು ಅನ್ನೋದು ಮಾತ್ರ ಅದರಲ್ಲಿಲ್ಲ, ಇಲ್ಲೂ ಬರೆಯಲ್ಲ.