ಕ್ಲೇಮ್ ಕೇಸಿಗೆ ಡಾಕ್ಟರ್ ತಪಾಸಣೆಗೆ ಹೋಗ್ತಿದ್ದೀರಾ? ‘ಪರವಾಗಿಲ್ಲ’ ಅನ್ನಬೇಡಿ

ಹೋದ ವರ್ಷ ನಮ್ಮ ಭಾವನ ಜೊತೆ ಹಾಸನಕ್ಕೆ ಹೋಗಿದ್ದೆ. ಸಕಲೇಶಪುರದ ಹತ್ತಿರ ಅವರ ಬೈಕಿಗೆ ಪಿಕಪ್ ಗುದ್ದಿ ಬಲಗಾಲಿನ ಮೂಳೆ ಮಂಡಿಯ ಕೆಳಗೆ ಮುರಿದಿತ್ತು. ಪ್ಲೇಟು, ಸ್ಕ್ರೂ ಹಾಕಿದ್ದರು. ಅಪಘಾತದ ಪರಿಹಾರಕ್ಕೆ ಹಾಕಿದ ಕ್ಲೇಮ್ ಕೇಸು ನಡೀತಾ ಇತ್ತು, ಅಂಗವೈಕಲ್ಯ ಎಷ್ಟು ಅಂತ ನೋಡೋಕೆ ಆವತ್ತು ಡಾಕ್ಟರ್ ಮುಂದೆ ಹೋಗಬೇಕಿತ್ತು. ಬೆಳಿಗ್ಗೆ ಬಸ್ಸು ಹತ್ತುವಾಗ ಭಾವ ಎರಡೂ ಕೈಯಲ್ಲಿ ಕಂಬಿ ಹಿಡಿದು, ಎಡಗಾಲು ಮೊದಲು ಇಟ್ಟು, ಬಲಗಾಲನ್ನು ಮೇಲಕ್ಕೆ ಎಳೆದುಕೊಂಡರು. ಅದಾಗಿ ಮೂರು ಗಂಟೆ ಆಗಿರಲಿಲ್ಲ, ಡಾಕ್ಟರ್ ‘ಈಗ ಹೇಗಿದ್ದೀರಿ?’ ಅಂತ ಕೇಳಿದಾಗ ಇವರು ‘ಪರವಾಗಿಲ್ಲ ಸಾರ್, ಓಡಾಡ್ತೀನಿ’ ಅಂದುಬಿಟ್ಟರು.

ನಮ್ಮ ಕಡೆ ಜನ ಹಾಗೇ. ದೊಡ್ಡವರು ಕ್ಷೇಮ ಕೇಳಿದರೆ ಚೆನ್ನಾಗಿದ್ದೀನಿ ಅನ್ನೋದು ಮರ್ಯಾದೆ. ಆದರೆ ಆ ಕೋಣೆಯಲ್ಲಿ ಕೇಳೋದು ಕ್ಷೇಮ ಸಮಾಚಾರ ಅಲ್ಲ. ನೀವು ಹೇಳಿದ್ದು ಹಾಗೇ ಕಾಗದಕ್ಕೆ ಹೋಗುತ್ತೆ, ಆ ಕಾಗದ ಕೋರ್ಟಿಗೆ ಹೋಗುತ್ತೆ. ಅದಕ್ಕೇ ಇಷ್ಟು ಉದ್ದ ಬರೀತಾ ಇದ್ದೀನಿ.

ಮೊದಲು, ನಿಮ್ಮನ್ನು ಕಳಿಸ್ತಾ ಇರೋದು ಯಾರು ಅಂತ ತಿಳ್ಕೊಳ್ಳಿ. ರಸ್ತೆ ಅಪಘಾತದ ಕೇಸಾದರೆ, ಅಂದರೆ ಎಂವಿಸಿ ಕೇಸಾದರೆ, ಸಾಮಾನ್ಯವಾಗಿ ನಿಮ್ಮ ವಕೀಲರೇ ಡಾಕ್ಟರ್ ಹತ್ತಿರ ಕಳಿಸ್ತಾರೆ. ಆ ಡಾಕ್ಟರ್ ಪರೀಕ್ಷೆ ಮಾಡಿ, ಆಮೇಲೆ ಕೋರ್ಟಿಗೆ ಬಂದು ಸಾಕ್ಷಿ ಹೇಳಬೇಕು. ಇದಕ್ಕೆ ಆದಷ್ಟೂ ನಿಮಗೆ ಆಪರೇಷನ್ ಮಾಡಿದ ಡಾಕ್ಟರನ್ನೇ ಹಿಡಿಯಿರಿ. ಚಿಕಿತ್ಸೆಯನ್ನೇ ಕೊಡದ ಡಾಕ್ಟರ್ ಬರೆದುಕೊಟ್ಟ ಸರ್ಟಿಫಿಕೇಟ್ ಬಗ್ಗೆ ಹುಷಾರಾಗಿರಿ ಅಂತ ಸುಪ್ರೀಂ ಕೋರ್ಟೇ 2010ರಲ್ಲಿ, ರಾಜ್‌ಕುಮಾರ್ ವಿರುದ್ಧ ಅಜಯ್ ಕುಮಾರ್ ಕೇಸಿನಲ್ಲಿ ಟ್ರಿಬ್ಯೂನಲ್‌ಗಳಿಗೆ, ಅಂದರೆ ಅಪಘಾತದ ಪರಿಹಾರ ತೀರ್ಮಾನಿಸೋ ಕೋರ್ಟುಗಳಿಗೆ, ಹೇಳಿದೆ. ಇನ್ನು ಕೆಲವು ಕೇಸಿನಲ್ಲಿ ಡಾಕ್ಟರ್ ಹೇಳಿದ ಅಂಗವೈಕಲ್ಯದ ಪರ್ಸೆಂಟೇಜನ್ನು ಇನ್ಶೂರೆನ್ಸ್ ಕಂಪನಿಯವರು ಒಪ್ಪಲ್ಲ, ಆಗ ಕೋರ್ಟು ಮೆಡಿಕಲ್ ಬೋರ್ಡಿಗೆ, ಅಂದರೆ ಡಾಕ್ಟರುಗಳ ಮಂಡಳಿಗೆ, ಕಳಿಸಬಹುದು. ಬೋರ್ಡಿಗೆ ಕಳಿಸಿದರು ಅಂದ ತಕ್ಷಣ ಕೇಸು ಬಿದ್ದು ಹೋಯ್ತು ಅಂತ ಹೆದರಬೇಡಿ. ಅಲ್ಲಿಂದ ಬರೋ ವರದಿಗೆ ಹೆಚ್ಚು ತೂಕ ಇರುತ್ತೆ, ನಿಜವಾದ ತೊಂದರೆ ಇರೋರಿಗೆ ಅದು ಒಳ್ಳೆಯದೇ.

ತೋಟದಲ್ಲಿ ಕೆಲಸ ಮಾಡುವಾಗ ಬಿದ್ದು ಪೆಟ್ಟಾಗಿದ್ದರೆ ಅದು ಬೇರೆ ದಾರಿ. ಮೊದಲು ಇದಕ್ಕೆ 1923ರ ನೌಕರರ ಪರಿಹಾರ ಕಾಯ್ದೆ ಇತ್ತು, 2025ರ ನವೆಂಬರ್‌ನಿಂದ ಅದರ ಜಾಗಕ್ಕೆ 2020ರ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ನೀವು ಅಪಘಾತದ ನೋಟಿಸ್ ಕೊಟ್ಟ ಮೂರು ದಿನದೊಳಗೆ ಮಾಲೀಕರು ‘ನಮ್ಮ ಖರ್ಚಲ್ಲಿ ಡಾಕ್ಟರಿಗೆ ತೋರಿಸ್ತೀವಿ ಬನ್ನಿ’ ಅಂದರೆ ಹೋಗಲೇಬೇಕು. ಸುಮ್ನೆ ಆಗಲ್ಲ ಅಂದರೆ ನಿಮ್ಮ ಪರಿಹಾರದ ಹಕ್ಕಿಗೇ ಅಲ್ಲಿವರೆಗೆ ತಡೆ ಬೀಳುತ್ತೆ. ಮೂಡಿಗೆರೆ, ಕೊಪ್ಪ ಕಡೆಯ ಎಷ್ಟೋ ಕಾರ್ಮಿಕರಿಗೆ ಇದು ಗೊತ್ತೇ ಇರಲ್ಲ, ಮಾಲೀಕರ ಡಾಕ್ಟರ್ ಅಂತ ಅನುಮಾನ ಪಟ್ಟು ಹೋಗದೆ ಉಳಿದುಬಿಡ್ತಾರೆ. ಹೋಗಿ. ನಿಮ್ಮದೇ ಕಾಗದಪತ್ರ ತಗೊಂಡು ಹೋಗಿ.

ಯಾವಾಗ ಹೋಗಬೇಕು? ಚಿಕಿತ್ಸೆ ಮುಗಿದು, ಮೂಳೆ ಕೂಡಿಕೊಂಡು, ಇನ್ನು ಇದಕ್ಕಿಂತ ಸುಧಾರಿಸೋದು ಕಷ್ಟ ಅನ್ನೋ ಹಂತಕ್ಕೆ ಬಂದ ಮೇಲೆ. ಬ್ಯಾಂಡೇಜ್ ಬಿಚ್ಚಿದ ವಾರಕ್ಕೇ ಓಡಿದರೆ ‘ಇದು ಇನ್ನೂ ವಾಸಿಯಾಗ್ತಾ ಇದೆ’ ಅಂತಾರೆ. ಆದರೆ ಕೇಸು ಹಾಕೋಕೆ ಅಷ್ಟು ದಿನ ಕಾಯಬೇಡಿ. 2022ರ ಏಪ್ರಿಲ್ 1ರಿಂದ ಬಂದ ತಿದ್ದುಪಡಿ ಪ್ರಕಾರ ಅಪಘಾತ ಆದ ಆರು ತಿಂಗಳೊಳಗೆ ಅರ್ಜಿ ಹಾಕಬೇಕು. ಅರ್ಜಿ ಮೊದಲು, ತಪಾಸಣೆ ಆಮೇಲೆ.

ಕಾಗದಪತ್ರದ ವಿಷಯಕ್ಕೆ ಬರ್ತೀನಿ. ಆಧಾರ್, ಕೋರ್ಟಿನ ಪತ್ರ ಇದ್ದರೆ ಅದು, ವೂಂಡ್ ಸರ್ಟಿಫಿಕೇಟ್ (ಗಾಯ ಏನೇನು ಅಂತ ಆಸ್ಪತ್ರೆಯವರು ಬರೆದುಕೊಡೋ ಕಾಗದ), ಡಿಸ್ಚಾರ್ಜ್ ಸಮರಿ, ಆಮೇಲೆ ಹೋಗಿ ತೋರಿಸಿದ ಪ್ರತಿಯೊಂದು ಓಪಿಡಿ ಚೀಟಿ, ಫಿಸಿಯೋಥೆರಪಿ ಚೀಟಿ. ಎಕ್ಸ್‌ರೇ ಫಿಲ್ಮುಗಳನ್ನು ಮರೀಬೇಡಿ. ಹಳೇದು ಬೇಕು, ಯಾಕಂದರೆ ಮುರಿದಾಗ ಹೇಗಿತ್ತು, ಈಗ ಹೇಗೆ ಕೂಡಿದೆ ಅಂತ ಎರಡೂ ಪಕ್ಕ ಪಕ್ಕ ಇಟ್ಟು ನೋಡ್ತಾರೆ. ನಮ್ಮ ಮನೆಯಲ್ಲಿ ಫಿಲ್ಮನ್ನು ಬೀರುವಿನ ಮೇಲೆ ಸುರುಳಿ ಸುತ್ತಿ ಇಟ್ಟಿದ್ದರು, ಮಳೆಗಾಲದ ಥಂಡಿಗೆ ಎರಡು ಫಿಲ್ಮು ಅಂಟಿಕೊಂಡು ಬಿಡಿಸುವಾಗ ಕಿತ್ತು ಬಂತು. ಮಲೆನಾಡಿನವರು ದಯವಿಟ್ಟು ಫಿಲ್ಮುಗಳ ನಡುವೆ ಕಾಗದ ಹಾಕಿ, ಪ್ಲಾಸ್ಟಿಕ್ ಕವರಲ್ಲಿ ಚಪ್ಪಟೆಯಾಗಿ ಇಡಿ, ಫೋಟೋನೂ ತೆಗೆದಿಟ್ಟುಕೊಳ್ಳಿ. ಒರಿಜಿನಲ್ ಕೋರ್ಟಿಗೆ ಹೋಗಿದ್ದರೆ ಜೆರಾಕ್ಸ್ ಸೆಟ್ ಕೊಡಿ ಅಂತ ವಕೀಲರನ್ನು ವಾರ ಮುಂಚೆ ಕೇಳಿ.

ಹಿಂದಿನ ದಿನ ರಾತ್ರಿ ಒಂದು ಕೆಲಸ ಮಾಡಿ, ಇದು ಎಲ್ಲಕ್ಕಿಂತ ಮುಖ್ಯ ಅಂತ ನನಗನ್ನಿಸುತ್ತೆ. ಮನೆಯವರ ಜೊತೆ ಕೂತು, ಮೊದಲು ಮಾಡ್ತಿದ್ದು ಈಗ ಮಾಡೋಕೆ ಆಗದ ಕೆಲಸಗಳನ್ನು ಒಂದು ಹಾಳೆಯಲ್ಲಿ ಬರೀರಿ. ‘ಕಾಲು ನೋವು’ ಅಂತ ಬರೀಬೇಡಿ. ಮೆಣಸು ಕೊಯ್ಯೋಕೆ ಸಿಲ್ವರ್ ಮರಕ್ಕೆ ಏಣಿ ಹಾಕಿ ಹತ್ತೋಕೆ ಆಗಲ್ಲ. ಮರಗಸಿಗೆ, ಅಂದರೆ ತೋಟದ ನೆರಳು ಮರದ ಕೊಂಬೆ ಕಡಿಯೋಕೆ, ಹೋಗೋಕೆ ಆಗಲ್ಲ. ಗೊಬ್ಬರದ ಮೂಟೆ ಹೊತ್ತು ಇಳಿಜಾರಲ್ಲಿ ಇಳಿಯೋಕೆ ಆಗಲ್ಲ. ಕುಕ್ಕರಗಾಲಲ್ಲಿ ಕೂತು ಕಳೆ ತೆಗೆಯೋಕೆ ಆಗಲ್ಲ, ಕಕ್ಕಸಿಗೆ ಕೂರೋಕೂ ಸ್ಟೂಲು ಬೇಕು. ಹೀಗೆ ಬರೀರಿ. ಭಾವ ನಾಲ್ಕು ವಿಷಯ ಹೇಳಿದರು. ಅಕ್ಕನ್ನ ಕೇಳಿದರೆ ಹನ್ನೊಂದು ಹೇಳಿದಳು, ರಾತ್ರಿ ಎರಡು ಗಂಟೆಗೆ ಎದ್ದು ಕಾಲು ತಿಕ್ಕಿಕೊಂಡು ಕೂರ್ತಾರೆ ಅನ್ನೋದು ನನಗೆ ಆವತ್ತೇ ಗೊತ್ತಾಗಿದ್ದು.

ಇನ್ನು ಆ ಕೋಣೆಯ ಒಳಗೆ. ಗುರುತಿಗೆ ಮಚ್ಚೆ, ಗಾಯದ ಕಲೆ ನೋಡಿ ಬರ್ಕೋತಾರೆ. ಹೊಸ ಎಕ್ಸ್‌ರೇ ತೆಗೆಸಿ ಅನ್ನಬಹುದು. ಸಡಿಲವಾದ ಪಂಚೆಯೋ ಬರ್ಮುಡಾನೋ ಇದ್ದರೆ ಒಳ್ಳೇದು, ಬಿಗಿಯಾದ ಪ್ಯಾಂಟ್ ಬೇಡ. ಭಾವನಿಗೆ ಮೊದಲು ನಡೆದು ತೋರಿಸಿ ಅಂದರು. ಆಮೇಲೆ ಮಲಗಿಸಿ, ಎರಡು ಕಡ್ಡಿ ಇರೋ ಪ್ಲಾಸ್ಟಿಕ್ ಸ್ಕೇಲನ್ನು ಮಂಡಿಯ ಪಕ್ಕಕ್ಕೆ ಹಿಡಿದು ‘ಮಡಚಿ, ಇನ್ನೂ ಮಡಚಿ’ ಅಂದರು. ಸರಿ ಇರೋ ಮಂಡಿ ಸುಮಾರು 135 ಡಿಗ್ರಿ ಮಡಚುತ್ತೆ, ಇವರದು 95ಕ್ಕೆ ನಿಂತಿತು. ಆಮೇಲೆ ಟೇಪು ತಗೊಂಡು ಸೊಂಟದ ಮೂಳೆಯಿಂದ ಕಾಲಿನ ಗಂಟಿನ ತನಕ ಅಳೆದರು, ಕಾಲು ಗಿಡ್ಡ ಆಗಿದೆಯಾ ನೋಡೋಕೆ. ಎರಡೂ ತೊಡೆಯ ಸುತ್ತಳತೆ ತಗೊಂಡರು, ಬಲಗಡೆ 2 ಸೆಂಟಿಮೀಟರ್ ಕಮ್ಮಿ ಇತ್ತು. ಬಳಸದ ಕಾಲು ಬಡವಾಗುತ್ತೆ. ಕೈಯಿಂದ ಒತ್ತಿ ಹಿಡಿದು ‘ಎತ್ತಿ’ ಅಂತ ಹೇಳಿ ಶಕ್ತಿಗೆ 0ಯಿಂದ 5ರ ತನಕ ಅಂಕ ಕೊಟ್ಟರು.

ಈ ಅಳತೆಗಳು ಇರೋದರಿಂದಲೇ ನಾಟಕ ಮಾಡೋಕೆ ಹೋಗಬೇಡಿ ಅಂತ ಹೇಳೋದು. ನೀವು ಬಾಗಿಲಿಂದ ಹೇಗೆ ಬಂದಿರಿ, ಚಪ್ಪಲಿ ಹೇಗೆ ಬಿಚ್ಚಿದಿರಿ ಅನ್ನೋದನ್ನೂ ಅನುಭವ ಇರೋ ಡಾಕ್ಟರ್ ನೋಡ್ತಾರೆ. ಕಾಲು ಎತ್ತೋಕೇ ಆಗಲ್ಲ ಅಂದವರ ತೊಡೆ ಎರಡೂ ಒಂದೇ ದಪ್ಪ ಇದ್ದರೆ ಅವರಿಗೆ ಅರ್ಥ ಆಗುತ್ತೆ. ಆಗ ನಿಜವಾದ ನೋವನ್ನೂ ನಂಬಲ್ಲ. ಎಷ್ಟು ಆಗುತ್ತೋ ಅಷ್ಟು ಮಾಡಿ, ನೋವು ಶುರುವಾದ ಜಾಗದಲ್ಲಿ ‘ಇಲ್ಲಿ ನೋಯುತ್ತೆ’ ಅಂತ ಹೇಳಿ. ಮೊದಲೇ ಆ ಕಾಲಿಗೆ ಪೆಟ್ಟಾಗಿತ್ತಾ ಅಂತ ಕೇಳಿದರೆ ಇದ್ದದ್ದು ಇದ್ದಂತೆ ಹೇಳಿ. ಮುಚ್ಚಿಟ್ಟು, ಆಮೇಲೆ ಪಾಟೀಸವಾಲಿನಲ್ಲಿ ಕಂಪನಿ ವಕೀಲರು ಹಳೇ ಚೀಟಿ ತೆಗೆದರೆ ಇಡೀ ಕೇಸು ಅಲ್ಲಾಡುತ್ತೆ.

ಆವತ್ತು ಭಾವ ‘ಪರವಾಗಿಲ್ಲ’ ಅಂದಾಗ ನಾನು ಹಿಂದಿನ ರಾತ್ರಿ ಬರೆದ ಆ ಹಾಳೆ ತೆಗೆದು ‘ಸಾರ್, ಇದನ್ನೊಂದು ನೋಡಿ’ ಅಂತ ಕೊಟ್ಟೆ. ಡಾಕ್ಟರ್ ಓದಿದರು, ಕುಕ್ಕರಗಾಲಲ್ಲಿ ಕೂತು ತೋರಿಸಿ ಅಂದರು. ಭಾವ ಅರ್ಧಕ್ಕೆ ಹೋಗಿ ಮೇಜು ಹಿಡ್ಕೊಂಡರು. ಅದು ವರದಿಯಲ್ಲಿ ಬಂತು.

ಪರ್ಸೆಂಟೇಜ್ ಬಗ್ಗೆ ಎಲ್ಲರಿಗೂ ಗೊಂದಲ. ಕಾಲಿಗೆ 30 ಪರ್ಸೆಂಟ್ ಅಂದರೆ ಇಡೀ ದೇಹಕ್ಕೆ 30 ಅಲ್ಲ. ನಮ್ಮ ಕೋರ್ಟುಗಳಲ್ಲಿ ಎಷ್ಟೋ ಸಲ ಅದರ ಮೂರನೇ ಒಂದು ಭಾಗ, ಅಂದರೆ 10 ಅಂತ ತಗೋತಾರೆ. ಆದರೆ ಲೆಕ್ಕ ಅಲ್ಲಿಗೇ ಮುಗಿಯಲ್ಲ. ಸಂಪಾದನೆ ಮಾಡೋ ಶಕ್ತಿ ಎಷ್ಟು ಹೋಯ್ತು ಅನ್ನೋದನ್ನು ಟ್ರಿಬ್ಯೂನಲ್ ಬೇರೆಯಾಗಿ ನೋಡಬೇಕು. ಮೇಲೆ ಹೇಳಿದ ತೀರ್ಪಿನಲ್ಲೇ ಇದಕ್ಕೆ ಉದಾಹರಣೆ ಇದೆ: ಎಡಗೈ ಹೋದರೆ ಡ್ರೈವರಿಗೋ ಬಡಗಿಗೋ ದುಡಿಮೆ ಪೂರ್ತಿ ಹೋದಂಗೆ, ಸರ್ಕಾರಿ ಗುಮಾಸ್ತರಿಗೆ ಕೆಲಸ ಉಳೀಬಹುದು. ದುಡ್ಡಿನ ಲೆಕ್ಕದಲ್ಲಿ ನೋಡಿ. ತಿಂಗಳಿಗೆ 12,000 ದುಡಿಮೆ, ವಯಸ್ಸು 38 ಅಂದುಕೊಳ್ಳಿ. ಆ ವಯಸ್ಸಿಗೆ ಮಲ್ಟಿಪ್ಲೈಯರ್, ಅಂದರೆ ವರ್ಷದ ದುಡಿಮೆಯನ್ನು ಗುಣಿಸೋ ಸಂಖ್ಯೆ, 15. ದುಡಿಮೆ ಶಕ್ತಿ 10 ಪರ್ಸೆಂಟ್ ಹೋಯ್ತು ಅಂತಾದರೆ 2,16,000 ರೂಪಾಯಿ, 20 ಅಂತಾದರೆ 4,32,000. ಏಣಿ ಹತ್ತೋಕೆ ಆಗಲ್ಲ ಅನ್ನೋ ಒಂದು ಸಾಲು ವರದಿಯಲ್ಲಿ ಇರಬೇಕು ಅನ್ನೋದು ಇದಕ್ಕೇ.

ಹೊರಡುವ ಮುಂಚೆ ಡಾಕ್ಟರಿಗೆ ಇನ್ನೊಂದು ಕೇಳಿ. ಪ್ಲೇಟೋ ರಾಡೋ ಒಳಗೆ ಇದ್ದರೆ ಮುಂದೆ ತೆಗೆಸಬೇಕಾ, ಎಷ್ಟು ಖರ್ಚಾಗಬಹುದು, ಅದನ್ನು ಬರೆದುಕೊಡ್ತೀರಾ ಅಂತ. ಮುಂದಿನ ಚಿಕಿತ್ಸೆಯ ಖರ್ಚನ್ನೂ ಕೇಸಿನಲ್ಲಿ ಕೇಳಬಹುದು, ಆದರೆ ಕಾಗದ ಇಲ್ಲದೆ ಕೊಡೋದು ಕಷ್ಟ. ಡಾಕ್ಟರ್ ಹತ್ತಿರ ಕೇಸು ಗೆಲ್ತೀವಾ, ಪರ್ಸೆಂಟೇಜ್ ಜಾಸ್ತಿ ಹಾಕಿ ಸಾರ್ ಅಂತೆಲ್ಲ ಮಾತಾಡಬೇಡಿ. ಹಾಗೆ ಹಾಕಿಸ್ತೀನಿ, ಇಷ್ಟು ಕೊಡಿ ಅಂತ ಆಸ್ಪತ್ರೆ ಗೇಟಿನ ಹತ್ತಿರ ಯಾರಾದರೂ ಬಂದರೆ ಮುಂದಕ್ಕೆ ನಡೀರಿ.

ಬಸ್ಸಲ್ಲಿ ವಾಪಸ್ ಬರುವಾಗಲೇ ಏನೇನು ಪರೀಕ್ಷೆ ಮಾಡಿದರು, ಏನು ಕೇಳಿದರು, ಎಷ್ಟು ಹೊತ್ತು ನೋಡಿದರು ಅಂತ ಬರೆದಿಡಿ. ಆ ಡಾಕ್ಟರ್ ಸಾಕ್ಷಿಗೆ ಬರೋದು ತಿಂಗಳುಗಟ್ಟಲೆ ಆದಮೇಲೆ, ಅಷ್ಟೊತ್ತಿಗೆ ನಿಮಗೆ ಮರೆತಿರುತ್ತೆ. ವರದಿಯ ಪ್ರತಿಯನ್ನು ವಕೀಲರಿಂದ ಕೇಳಿ ಪಡೆದು ಓದಿ. ಎಡಗಾಲು ಬಲಗಾಲು ಅದಲು ಬದಲಾಗಿದ್ದರೆ, ಕೆಲಸ ‘ಕೂಲಿ’ ಅಂತ ಬರೆಯೋ ಜಾಗದಲ್ಲಿ ಬೇರೇನೋ ಇದ್ದರೆ, ಡಾಕ್ಟರ್ ಸಾಕ್ಷಿ ಹೇಳೋಕೆ ಮುಂಚೆಯೇ ವಕೀಲರಿಗೆ ಹೇಳಿ ಸರಿ ಮಾಡಿಸಿ.